ಹತ್ತು ಸಿಟ್ಟಿಂಗಿನ ಚೀಟಿ

ನವಿ ಮುಂಬಯಿಯ ಘನ್ಸೋಲಿಯಲ್ಲಿ ಲೋಕಲ್ ಹತ್ತಿದರೆ ನಡುವೆ ಕೋಪರ್ ಖೈರಣೆ ಒಂದೇ ನಿಲ್ದಾಣ, ಆಮೇಲೆ ತುರ್ಭೆ. ಸೀಟು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಇವತ್ತೊಂದು ದಿನ ನೀವು ನಲವತ್ತೆರಡರ ಫಿಸಿಯೊಥೆರಪಿಸ್ಟ್. ಊರು ಕುಂದಾಪುರದ ಕಡೆ, ಓದಿದ್ದು ಮಂಗಳೂರಿನಲ್ಲಿ. ಕೈಯಲ್ಲಿರುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಪಿಟಿ ಪದವಿ, 2006ರದು. ಗಂಡ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಅತ್ತೆ ಮತ್ತು ಮಗಳು ಘನ್ಸೋಲಿಯಲ್ಲಿ. ನೀವು ಹೆಂಗಸರ ಡಬ್ಬಿಯ ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಒಂದು ಕೈಯಲ್ಲಿ ಫೋನ್ ಹಿಡಿದು, ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಮಾದರಿ ಪ್ರಶ್ನೆಯೊಂದನ್ನು ಓದುತ್ತಿದ್ದೀರಿ.

58 ವರ್ಷದ ಗಂಡಸು. ಆರು ವಾರದಿಂದ ಸೊಂಟನೋವು. ಮಲಗಿದರೂ ಕಡಿಮೆಯಾಗುವುದಿಲ್ಲ, ರಾತ್ರಿ ಹೆಚ್ಚುತ್ತದೆ. ಕಾರಣವಿಲ್ಲದೆ ತೂಕ ಇಳಿದಿದೆ. ಥೆರಪಿಸ್ಟ್ ಮೊದಲು ಏನು ಮಾಡಬೇಕು? ವ್ಯಾಯಾಮ, ಟ್ರ್ಯಾಕ್ಷನ್, ಬಿಸಿ ಶಾಖ, ಅಥವಾ ವೈದ್ಯರ ಬಳಿ ಕಳಿಸುವುದು. ನಾಲ್ಕನೆಯದನ್ನು ಒತ್ತುತ್ತೀರಿ. ಹಸಿರು ಗೆರೆ. ಕೆಳಗೆ ವಿವರಣೆ: ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿರುವ ಶಂಕೆ, ಪ್ರಾಸ್ಟೇಟ್ ಮೊದಲು ನೋಡಬೇಕು. ಅಷ್ಟರಲ್ಲಿ ತುರ್ಭೆ ಬಂತು. ಹಿಂದಿನವರು ನಿಮ್ಮನ್ನು ಇಳಿಸಿಯೇ ಇಳಿಯುತ್ತಾರೆ.

ಮೇಲಿನ ಸೇತುವೆಯಲ್ಲಿ ನಿಂತರೆ ಪೂರ್ವಕ್ಕೆ ಠಾಣೆ–ಬೇಲಾಪುರ ರಸ್ತೆ, ಅದರಾಚೆ ಎಂಐಡಿಸಿಯ ಕಾರ್ಖಾನೆಗಳು ಮತ್ತು ಗುಡ್ಡದ ಬುಡದವರೆಗೆ ಹತ್ತಿಕೊಂಡ ಬಸ್ತಿಗಳು. ಪಶ್ಚಿಮಕ್ಕೆ ಎಪಿಎಂಸಿ. ಮಸ್ಜಿದ್ ಬಂದರಿನಲ್ಲೂ ಕ್ರಾಫರ್ಡ್ ಮಾರುಕಟ್ಟೆಯ ಸುತ್ತಲೂ ಉಸಿರುಗಟ್ಟುತ್ತಿದ್ದ ಸಗಟು ವ್ಯಾಪಾರವನ್ನು ಎಂಬತ್ತು–ತೊಂಬತ್ತರ ದಶಕಗಳಲ್ಲಿ ಇಲ್ಲಿಗೆ ಎತ್ತಿ ತಂದರು. ಈರುಳ್ಳಿ–ಬಟಾಟೆ ಒಂದು ಕಡೆ, ಧಾನ್ಯ ಒಂದು ಕಡೆ, ಮಸಾಲೆ ಒಂದು ಕಡೆ. ಗಾಳಿ ತಿರುಗಿದಂತೆ ವಾಸನೆ ಬದಲಾಗುತ್ತದೆ, ಮೆಣಸಿನಕಾಯಿಯ ಘಾಟು ಬಂದ ದಿನ ಇಡೀ ರಸ್ತೆ ಸೀನುತ್ತದೆ. ಏಪ್ರಿಲ್ ಆದ್ದರಿಂದ ಇವತ್ತು ಎಲ್ಲದರ ಮೇಲೂ ಮಾವಿನ ಹಣ್ಣಿನ ಪರಿಮಳವಿದೆ. ಹಣ್ಣಿನ ಮಾರುಕಟ್ಟೆಯಲ್ಲಿ ದೇವಗಡ, ರತ್ನಾಗಿರಿಯ ಪೇಟಿಗಳು. ಪಕ್ಕದಲ್ಲಿ ನಮ್ಮ ಕಡೆಯಿಂದ ಬಂದ ಆಪೂಸಿನ ಕ್ರೇಟುಗಳು. 2018ರಲ್ಲಿ ಕೊಂಕಣದ ಆಪೂಸಿಗೆ ಜಿಐ ಗುರುತು ಸಿಕ್ಕಮೇಲೆ ಕರ್ನಾಟಕದ ಹಣ್ಣು ಬರಿಯ ಆಪೂಸ್ ಆಗುವಂತಿಲ್ಲ, ‘ಕರ್ನಾಟಕ’ ಎಂಬ ವಿಶೇಷಣ ಹೊತ್ತೇ ಬರಬೇಕು. ನಿಮ್ಮ ಡಿಗ್ರಿಗೂ ಹಾಗೇ ಒಂದು ವಿಶೇಷಣ ಅಂಟಿಕೊಂಡಿದೆ: ‘ವಿದೇಶಿ ಶಿಕ್ಷಿತ’. ಹಣ್ಣಿನ ವಾದಕ್ಕಾದರೆ ಒಂದು ಹೋಳು ಕೊಯ್ದು ಬಾಯಿಗಿಟ್ಟರೆ ಮುಗಿಯಿತು.

ಕ್ಲಿನಿಕ್ಕು ಮಾರುಕಟ್ಟೆಯಿಂದ ಎರಡು ತಿರುವು ಆಚೆ, ಮೆಡಿಕಲ್ ಅಂಗಡಿಯ ಮೇಲಿನ ಮಹಡಿ. ಮೂರು ಮಂಚ, ನಡುವೆ ಹಸಿರು ಪರದೆ. ಗೋಡೆಗೆ ಭುಜ ತಿರುಗಿಸುವ ಚಕ್ರ, ಮೂಲೆಯಲ್ಲಿ ಕರಗಿದ ಮೇಣದ ತೊಟ್ಟಿ, ಗಾಲಿಗಳ ಮೇಲೆ ಕರೆಂಟು ಮತ್ತು ಶಾಖ ಕೊಡುವ ಐಎಫ್‌ಟಿ ಮತ್ತು ಎಸ್‌ಡಬ್ಲ್ಯೂಡಿ ಯಂತ್ರಗಳು. ನಿಮ್ಮ ಹೆಸರಿನ ಚೌಕಟ್ಟೂ ಗೋಡೆಯಲ್ಲಿದೆ. ಮಹಾರಾಷ್ಟ್ರದಲ್ಲಿ 2002ರ ಕಾಯ್ದೆಯಂತೆ ಫಿಸಿಯೊಥೆರಪಿಗೊಂದು ಕೌನ್ಸಿಲ್ ಇದೆ, ಅಲ್ಲಿ ನೋಂದಾಯಿಸಿಕೊಂಡೇ ಕೆಲಸ. ಸಂಬಳ ಕಡಿಮೆ. ನೀವು ಇಲ್ಲಿರುವುದು ಸಂಬಳಕ್ಕಲ್ಲ ಎಂದು ಮಾಲೀಕರಿಗೂ ಗೊತ್ತು, ಹಾಗಾಗಿ ಅದು ಏರುವುದೂ ಇಲ್ಲ. ಅಮೆರಿಕದ ಲೈಸೆನ್ಸ್ ಬೋರ್ಡಿಗೆ ತೋರಿಸಲು ನಿಮಗೆ ಬೇಕಾಗಿರುವುದು ರಿಜಿಸ್ಟರಿನ ತಾರೀಕುಗಳು: ಇಂಥ ದಿನದಿಂದ ಇಂಥ ದಿನದವರೆಗೆ ಈಕೆ ರೋಗಿಗಳನ್ನು ಮುಟ್ಟಿದ್ದಾಳೆ ಎಂಬ ದಾಖಲೆ.

ಮೊದಲ ರೋಗಿ ಒಳಗೆ ಬರುವಾಗಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾನೆ. ಇಂಡಿ ತಾಲ್ಲೂಕಿನವನು, ವಯಸ್ಸು ನಲವತ್ತರ ಒಳಗೆ. ಮಾಥಾಡಿ ಮಂಡಳಿಯ ಬಿಲ್ಲೆ ಇಲ್ಲ, ದಿನಗೂಲಿ. 1969ರ ಮಾಥಾಡಿ ಕಾಯ್ದೆಯಿಂದ ಹಮಾಲರಿಗೆ ಮಂಡಳಿ, ಭವಿಷ್ಯನಿಧಿ, ಕೋಪರ್ ಖೈರಣೆಯಲ್ಲಿ ಆಸ್ಪತ್ರೆ ಎಲ್ಲ ಬಂತು. ಆದರೆ ಅದು ಹೆಚ್ಚಾಗಿ ಸಾತಾರಾ, ಸಾಂಗ್ಲಿ ಕಡೆಯ ಹಳೆಯ ಟೋಳಿಗಳ ಲೋಕ. ಅವುಗಳ ಅಂಚಿನಲ್ಲಿ ಮೂಟೆ ಹೊರುವ ನಮ್ಮವರಿಗೆ ಟೋಳಿಯ ಮೇಸ್ತ್ರಿ ಮುಕಾದಮನ ವಹಿಯೇ ಮಂಡಳಿ. ಗಲ್ಲಿಯ ಡಾಕ್ಟರು ಬರೆದ ಚೀಟಿಯನ್ನು ಅವನು ಮುಂದೆ ಹಿಡಿಯುತ್ತಾನೆ: ಸೊಂಟದ ಸವೆತ, ಎಸ್‌ಡಬ್ಲ್ಯೂಡಿ, ಐಎಫ್‌ಟಿ, ಹತ್ತು ಸಿಟ್ಟಿಂಗ್.

“ಶೇಕ್ ಕೊಡ್ರಿ ಬಾಯಾರ. ನಡಾ ಹಿಡದದ.”

ಇಪ್ಪತ್ತು ವರ್ಷದ ಹಿಂದಿನ ನೀವಾಗಿದ್ದರೆ ಮಂಚ ತೋರಿಸಿ, ಯಂತ್ರದ ಪ್ಯಾಡು ಜೋಡಿಸಿ, ಮುಂದಿನವರನ್ನು ಕರೆಯುತ್ತಿದ್ದಿರಿ. ಚೀಟಿ ಬಂದಿದೆ, ರೋಗ ನಿರ್ಧಾರವಾಗಿದೆ. ನಿಮ್ಮ ಕೆಲಸ ನಡೆಸಿಕೊಡುವುದು. ಹಾಗೇ ಕಲಿತದ್ದು, ಹಾಗೇ ಕಲಿಸಿದ್ದು. ಇವತ್ತು ಸ್ಟೂಲು ಎಳೆದು ಕೂರುತ್ತೀರಿ.

“ಎಷ್ಟು ದಿನ ಆಯ್ತು?”

“ತಿಂಗಳ ಮ್ಯಾಲಾತ್ರಿ. ಮದಲ ಸಣ್ಣಗಿತ್ತು.”

“ಮಲಗಿದ್ರೆ ಆರಾಮ ಅನಿಸ್ತದಾ?”

“ಎಲ್ಲಿದ್ರಿ, ರಾತ್ರೀನ ಜಾಸ್ತಿ. ಹೊಳ್ಳಾಕ ಆಗಂಗಿಲ್ಲ.”

“ಜ್ವರ ಬರ್ತದಾ?”

“ಸಂಜೀಕ ಮೈ ಬೆಚ್ಚಗ ಆಗ್ತದ. ಬಿಸಲಾಗ ದುಡಿತೀವಲ್ರಿ, ಅದಕ ಇರಬೇಕಂತ ಬಿಟ್ಟೀನಿ.”

ತೂಕದ ಬಗ್ಗೆ ಕೇಳಿದರೆ ಅವನಿಗೆ ಲೆಕ್ಕ ಗೊತ್ತಿಲ್ಲ. ಅಂಗಿ ಎತ್ತಿ ಬೆಲ್ಟು ತೋರಿಸುತ್ತಾನೆ. ಮೊಳೆಯಿಂದ ಹೊಸದಾಗಿ ಎರಡು ತೂತು ಮಾಡಿಕೊಂಡಿದ್ದಾನೆ.

ಈಗ ಕೈಗಳ ಸರದಿ. ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೇರವಾಗಿ ಎತ್ತುತ್ತೀರಿ; ಸಯಾಟಿಕಾದ ಮಿಂಚು ಹೊಡೆಯುವುದಿಲ್ಲ. ಹೆಬ್ಬೆರಳನ್ನು ನಿಮ್ಮ ಬೆರಳಿಗೆ ಎದುರಾಗಿ ಎತ್ತಿ ಹಿಡಿಯಲು ಹೇಳುತ್ತೀರಿ, ಶಕ್ತಿ ಇದೆ. ಮಂಡಿಯ ಕೆಳಗೆ, ಹಿಮ್ಮಡಿಯ ಹಿಂದೆ ಸುತ್ತಿಗೆ ತಟ್ಟುತ್ತೀರಿ. ತೊಡೆಗಳ ನಡುವೆ ಜೋಮು ಇದೆಯೇ, ಮೂತ್ರ–ಸಂಡಾಸು ಹಿಡಿತದಲ್ಲಿದೆಯೇ? ಅವನು ನಾಚಿಕೊಂಡು ಗೋಡೆ ನೋಡುತ್ತ ಸರಿ ಅದ ಎನ್ನುತ್ತಾನೆ. ಬೋರಲು ಮಲಗಿಸಿ ಬೆನ್ನೆಲುಬಿನ ಗಂಟುಗಳನ್ನು ಮೇಲಿನಿಂದ ಒಂದೊಂದಾಗಿ ಮುಷ್ಟಿಯ ಅಂಚಿನಿಂದ ಮೆಲ್ಲಗೆ ತಟ್ಟುತ್ತ ಬರುತ್ತೀರಿ. ಎದೆಯ ಭಾಗ ಮುಗಿದು ಸೊಂಟ ಶುರುವಾಗುವಲ್ಲಿ ಅವನ ಇಡೀ ಮೈ ಮಂಚದಿಂದ ಜಿಗಿಯುತ್ತದೆ. “ಅವ್ವಾ!”

ರೈಲಿನಲ್ಲಿ ಓದಿದ ಪ್ರಶ್ನೆಯ ಉತ್ತರವೇ ಇಲ್ಲಿಯದೂ. ಕಾರಣ ಮಾತ್ರ ಬೇರೆ. ಅಮೆರಿಕದ ಪುಸ್ತಕ ರಾತ್ರಿ ನೋವು, ತೂಕ ಇಳಿತ ಎಂದೊಡನೆ ಕ್ಯಾನ್ಸರ್ ಎನ್ನುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದಲ್ಲಿ, ಒಂದು ಖೋಲಿಯಲ್ಲಿ ಎಂಟು ಜನ ಮಲಗುವ ಬಸ್ತಿಯಲ್ಲಿ, ನಲವತ್ತರೊಳಗಿನ ಕೂಲಿಯವನಿಗೆ ಸಂಜೆಯ ಜ್ವರ ಎಂದರೆ ನಿಮ್ಮ ತಲೆಗೆ ಮೊದಲು ಬರುವುದು ಬೆನ್ನುಮೂಳೆಯ ಕ್ಷಯ. ಪರೀಕ್ಷೆಯಲ್ಲಿ ಅವರ ರೋಗಿಯನ್ನು ನೆನೆಸಿಕೊಂಡು ಉತ್ತರಿಸಬೇಕು, ಇಲ್ಲಿ ಇವನನ್ನು. ಎರಡೂ ಕಡೆ ಎಸ್‌ಡಬ್ಲ್ಯೂಡಿಯ ಶಾಖ ಕೊಡಬಾರದು. ಬೆನ್ನು ಒತ್ತಿ ಲಟಿಕೆ ತೆಗೆಯುವುದಂತೂ ಅಪಾಯ.

ಟಿಬಿ ಎಂಬ ಮಾತನ್ನು ಅವನೆದುರು ಎತ್ತುವುದಿಲ್ಲ. ಅದನ್ನು ಹೇಳಬೇಕಾದವರು ಬೇರೆ. ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿ, ಸಂಜೆ ಜ್ವರ, ಬೆಲ್ಟು, ತಟ್ಟಿದಲ್ಲಿ ನೋವು, ಮೂರನ್ನೂ ಹಿಂದಿಯಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತೀರಿ. ಅತ್ತ ಒಂದು ಕ್ಷಣ ಮೌನ. “ಠೀಕ್ ಹೈ, ಪೆಹಲೇ ಎಕ್ಸ್‌ರೇ ಕರಾ ಲೋ.” ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಗೆ ಹೋಗಲು ಅವನಿಗೆ ದಾರಿ ಹೇಳಿ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡುತ್ತೀರಿ. ಅವನಿಗೆ ಸಮಾಧಾನವಿಲ್ಲ. ಶೇಕಿಗೆಂದು ಅರ್ಧ ದಿನದ ಕೂಲಿ ಬಿಟ್ಟು ಬಂದವನು ಕಾಗದ ಹಿಡಿದು ಹೋಗುತ್ತಿದ್ದಾನೆ. ರಿಸೆಪ್ಶನಿನ ಹುಡುಗಿ ಪರದೆ ಸರಿಸಿ ಇಣುಕುತ್ತಾಳೆ. “ಮ್ಯಾಡಮ್, ಪೇಶಂಟ್ ಪರತ್ ಪಾಠವ್ಲಾ?” ಹತ್ತು ಸಿಟ್ಟಿಂಗಿನ ದುಡ್ಡು ಮೆಟ್ಟಿಲಿಳಿದು ಹೋದದ್ದು ಅವಳ ವಹಿಯಲ್ಲಿ ಕಾಣುತ್ತದೆ. ವಹಿಯಲ್ಲಿರುವ ಕಾಲಂಗಳೇ ಮೂರು: ಹೆಸರು, ಎಷ್ಟನೆಯ ಸಿಟ್ಟಿಂಗ್, ರೂಪಾಯಿ. ‘ಪರೀಕ್ಷಿಸಿ ಹಿಂದೆ ಕಳಿಸಿದ್ದು’ ಬರೆಯಲು ಜಾಗವಿಲ್ಲ. ನಿಮ್ಮದೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೀರಿ. ರೋಗಿ ಹೇಳಿದ್ದು, ನೀವು ಕಂಡದ್ದು, ನಿಮ್ಮ ಅಂದಾಜು, ಮುಂದಿನ ಹೆಜ್ಜೆ, ಅಮೆರಿಕದವರು ಬರೆಸುವ ಅದೇ ಕ್ರಮದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿದೇಶಕ್ಕೆ ಹೋದ ನಮ್ಮ ಫಿಸಿಯೊಗಳ ಬಗ್ಗೆ ಸಾಮಾನ್ಯವಾಗಿ ಕೇಳುವ ದೂರು ಒಂದೇ: ಅಷ್ಟೊಂದು ಅಂಗರಚನೆ ಓದಿದವಳಿಗೆ, ಅಷ್ಟು ರೋಗಿಗಳನ್ನು ಕಂಡವಳಿಗೆ ಮತ್ತೆ ಪರೀಕ್ಷೆ ಯಾಕೆ? ನನಗೆ ಆ ದೂರು ಅರ್ಧ ಮಾತ್ರ ಒಪ್ಪಿಗೆ. ಆಸ್ಟ್ರೇಲಿಯಾದ ಫಿಸಿಯೊಗಳು ವೈದ್ಯರ ಚೀಟಿ ಬೇಕೆಂಬ ತಮ್ಮ ಕಟ್ಟಳೆಯನ್ನು 1976ರಲ್ಲೇ ಕೈಬಿಟ್ಟರು. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಈಗ ಒಂದಲ್ಲ ಒಂದು ಬಗೆಯಲ್ಲಿ ರೋಗಿ ನೇರವಾಗಿ ಫಿಸಿಯೊ ಹತ್ತಿರ ಬರಬಹುದು. ಅಂದಮೇಲೆ ಇವನು ನನ್ನ ಕೈಗೆ ತಕ್ಕವನಲ್ಲ ಎಂದು ಗುರುತಿಸಿ ಆಚೆ ಕಳಿಸುವ ಹೊಣೆಯೂ ಫಿಸಿಯೊದೇ. ಆ ಪರೀಕ್ಷೆ ತೂಗುವುದರಲ್ಲಿ ಇದೂ ಒಂದು. ಹತ್ತು ಸಿಟ್ಟಿಂಗಿನ ಚೀಟಿಯ ಕೆಳಗೆ ಬೆಳೆದ ನಮ್ಮ ಕೈಗಳಿಗೆ ಈ ಅಭ್ಯಾಸ ಕಡಿಮೆ. ಕೈ ಚುರುಕು ಕಡಿಮೆಯೆಂದಲ್ಲ, ಕೇಳುವ ಅಧಿಕಾರವೇ ಇರಲಿಲ್ಲ. ನಮ್ಮಲ್ಲಿ ಆ ಅಧಿಕಾರದ ಜಗಳ ಇನ್ನೂ ಹೆಸರಿನ ಹಿಂದಿನ ‘ಡಾ’ ಅಕ್ಷರದ ಸುತ್ತ ಸುತ್ತುತ್ತಿದೆ; 2025ರ ಸೆಪ್ಟೆಂಬರಿನಲ್ಲಿ ಕೇಂದ್ರದಿಂದ ಫಿಸಿಯೊಗಳು ಅದನ್ನು ಬಳಸಬಾರದೆಂದು ಒಂದು ಪತ್ರ ಹೊರಟು, ಬೆನ್ನಿಗೇ ಅದನ್ನು ಹಿಂತೆಗೆದುಕೊಂಡೂ ಆಯಿತು.

ದೂರಿನ ಉಳಿದರ್ಧಕ್ಕೆ ಮಾತ್ರ ನನ್ನ ಪೂರ್ಣ ಬೆಂಬಲವಿದೆ. ಮನುಷ್ಯರನ್ನು ಬಿಟ್ಟು ಡಿಗ್ರಿಯ ದೇಶ ನೋಡುವ ಆ ಅನ್ಯಾಯ ನಿಮ್ಮ ಮೇಲೇ ಬಂದು ಬಿದ್ದದ್ದು 2010ರ ಜುಲೈಯಲ್ಲಿ. ಆಗ ನೀವು ಎಡಿಸನ್ನಿನಲ್ಲಿ, ಅವಲಂಬಿತರ ಎಚ್–4 ವೀಸಾದಲ್ಲಿ, ಹೊಟ್ಟೆಯಲ್ಲಿ ಮಗಳು. ಪ್ರಶ್ನೆಗಳು ಸೋರಿ ಹಂಚಿಕೆಯಾಗುತ್ತಿವೆ ಎಂದು ಪರೀಕ್ಷೆ ನಡೆಸುವ ಒಕ್ಕೂಟ ಈಜಿಪ್ಟ್, ಭಾರತ, ಪಾಕಿಸ್ತಾನ, ಫಿಲಿಪೈನ್ಸ್‌ಗಳಲ್ಲಿ ಓದಿದ ಎಲ್ಲರಿಗೂ ಬಾಗಿಲು ಹಾಕಿತು. ಸೋರಿಕೆ ಮಾಡಿದವರಿಗೆ, ಕೊಂಡವರಿಗೆ ಅಂತಲ್ಲ. ನಾಲ್ಕು ದೇಶಗಳ ಡಿಗ್ರಿಗಳಿಗೆ. ಮರುವರ್ಷ ಇವರಿಗೆಂದೇ ವರ್ಷಕ್ಕೊಂದು ಪ್ರತ್ಯೇಕ ಪರೀಕ್ಷೆ ಬಂತು, ಆಮೇಲೆ ಎಲ್ಲರೊಂದಿಗೆ ಕೂರಿಸಿದರು. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಕೂಸು, ಪುಸ್ತಕಗಳು ಅಟ್ಟದಲ್ಲಿ. ಎಚ್–4ನವರಿಗೆ ಕೆಲಸದ ಪರವಾನಗಿ ಸಿಕ್ಕಿದ್ದೇ 2015ರ ಮೇಯಲ್ಲಿ, ಅದೂ ಗಂಡನ ಗ್ರೀನ್ ಕಾರ್ಡ್ ಕಡತ ಒಂದು ಹಂತ ದಾಟಿದವರಿಗೆ. ಅದು ಸಿಕ್ಕಮೇಲೆ, ಇಲ್ಲಿಗೆ ಮರಳುವ ಮೊದಲು, ಒಂದು ಕ್ಲಿನಿಕ್ಕಿನಲ್ಲಿ ನೀವು ಏಡ್ ಆಗಿದ್ದಿರಿ: ಮಂಚ ಒರೆಸುವುದು, ಟವೆಲು ಮಡಚುವುದು, ಐಸ್ ಪ್ಯಾಕ್ ತರುವುದು. ಅಲ್ಲಿ ಎಂಬತ್ತರ ದಶಕದಲ್ಲಿ ಬರಿಯ ಬ್ಯಾಚುಲರ್ ಪದವಿ ಪಡೆದ ಹಿರಿಯರೊಬ್ಬರು ನಿಶ್ಚಿಂತೆಯಿಂದ ರೋಗಿಗಳನ್ನು ನೋಡುತ್ತಿದ್ದರು. ಅಮೆರಿಕದಲ್ಲೇ ಓದುವ ಹೊಸಬರಿಗೆ ಮಾತ್ರ 2016ರಿಂದ ಡಿಪಿಟಿ ಎಂಬ ಡಾಕ್ಟರೇಟೇ ಬೇಕು.

ಹನ್ನೊಂದಕ್ಕೆ ಹೋಮ್ ವಿಸಿಟ್. ಸಿಡ್ಕೋ ಕಟ್ಟಿದ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಎರಡನೇ ಮಹಡಿ. ಹೋಟೆಲ್ ನಡೆಸುತ್ತಿದ್ದ ಕುಟುಂಬದ ಅಜ್ಜಿ. ಬಲಮಂಡಿ ಬದಲಿಸಿ ಆರನೇ ವಾರ. ನಿಮ್ಮೂರಿನ ಕಡೆಯವರೇ ಆದ್ದರಿಂದ ಚಿಕಿತ್ಸೆಗಿಂತ ಮೊದಲು ಚಹಾ, ಚಹಾಕ್ಕಿಂತ ಮೊದಲು ವಿಚಾರಣೆ.

“ನೀ ಮತ್ತ್ ಅಮೇರಿಕಕ್ಕೆ ಹೋತ್ಯಂಬ್ರಲೆ ಹೆಣೆ? ನನ್ ಕಾಲ್ ಮಡ್ಚುಕೆ ಯಾರ್ ಬತ್ರ್ ಇನ್?”

ಇವತ್ತು ಅಜ್ಜಿಗೆ ಒಂದು ಅಳತೆ. ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಭಯವಿದೆ ಎಂದು ಅಮೆರಿಕದ ಸಿಡಿಸಿಯ ಲೆಕ್ಕ. ತೊಂದರೆಯೆಂದರೆ ಈ ಮನೆಯಲ್ಲಿ ಮೂರು ಮೀಟರ್ ಖಾಲಿ ನೆಲವೇ ಇಲ್ಲ. ಸೋಫಾ, ಹೊಲಿಗೆ ಯಂತ್ರ, ಮೊಮ್ಮಗನ ಸೈಕಲ್ಲು. ಕೊನೆಗೆ ಕುರ್ಚಿಯನ್ನು ಹೊರಗಿನ ಪ್ಯಾಸೇಜಿಗೆ ಒಯ್ದು, ಟೇಪಿನಿಂದ ಗುರುತು ಹಾಕುತ್ತೀರಿ. ಎದುರು ಮನೆಯ ಮರಾಠಿ ಕಾಕು ಬಾಗಿಲು ತೆರೆದು ಪ್ರೇಕ್ಷಕಿಯಾಗುತ್ತಾರೆ. ಅಜ್ಜಿ ಸೆರಗು ಸಿಕ್ಕಿಸಿ ಹೊರಡುತ್ತಾರೆ. ತಿರುಗುವಲ್ಲಿ ಕಾಕುವಿನ ಜೊತೆ ಎರಡು ಮಾತಾಡಿ ಬರುತ್ತಾರೆ. 31 ಸೆಕೆಂಡು. ಮಾತಿಲ್ಲದೆ ಇನ್ನೊಮ್ಮೆ ಎಂದು ಗದರಿದ ಮೇಲೆ 19.

ಮಂಡಿ 110 ಡಿಗ್ರಿ ಮಡಚುತ್ತದೆ. ಅಲ್ಲಿಯ ಪುಸ್ತಕಕ್ಕೆ ಇಷ್ಟು ಸಾಕು; ಮೆಟ್ಟಿಲು ಹತ್ತಬಹುದು, ಕಾರಿನಿಂದ ಇಳಿಯಬಹುದು, ಕಮೋಡಿನಿಂದ ಏಳಬಹುದು. ಅಜ್ಜಿಗೆ ಸಾಲದು. ಶ್ರಾವಣದಲ್ಲಿ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಹೊಸ ಮಂಡಿಗೆ ಅದು ಬೇಡವೆಂದು ಸರ್ಜನ್ ಹೇಳಿದ್ದನ್ನು ನೀವು ಮತ್ತೆ ಹೇಳುತ್ತೀರಿ, ಅಜ್ಜಿ ಮತ್ತೆ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಎತ್ತರದ ಮಣೆಯೊಂದರ ಮೇಲೆ ಒಪ್ಪಂದವಾಗುತ್ತದೆ. ಹೊರಡುವಾಗ ಗಡಿಯಾರ ನೋಡಿದರೆ ಐವತ್ತು ನಿಮಿಷ. ನ್ಯೂಜೆರ್ಸಿಯಲ್ಲಾದರೆ ಈ ಐವತ್ತನ್ನು ಹದಿನೈದು ನಿಮಿಷದ ಘಟಕಗಳಾಗಿ ಒಡೆದು ಬಿಲ್ ಮಾಡಬೇಕು. ಮೆಡಿಕೇರಿನ ಲೆಕ್ಕದಲ್ಲಿ ಎಂಟು ನಿಮಿಷಕ್ಕೆ ಒಂದು ಘಟಕ, ಇಪ್ಪತ್ತಮೂರಕ್ಕೆ ಎರಡು, ಮೂವತ್ತೆಂಟಕ್ಕೆ ಮೂರು. ಚಹಾಕ್ಕೆ ಸಂಕೇತ ಸಂಖ್ಯೆ ಇಲ್ಲ.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಮೂರೂ ಮಂಚಗಳು ಭರ್ತಿ: ಹೆಪ್ಪುಗಟ್ಟಿದ ಭುಜ, ಕುತ್ತಿಗೆ, ಕುತ್ತಿಗೆ. ಡಬ್ಬಿಯ ಊಟ ನಾಲ್ಕಕ್ಕೆ. ಆಗಲೇ ಕಾಗದಗಳನ್ನು ಬಿಚ್ಚುವುದು.

ನಿಮ್ಮ ಡಿಗ್ರಿಯನ್ನು ತೂಗುವ ಸಂಸ್ಥೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿದೆ, ಎಫ್‌ಸಿಸಿಪಿಟಿ. ಅಂಕಪಟ್ಟಿ ಬೆಂಗಳೂರಿನ ಜಯನಗರದ ವಿಶ್ವವಿದ್ಯಾಲಯದಿಂದ ನೇರವಾಗಿ ಅಲ್ಲಿಗೆ ಹೋಗಬೇಕು, ನಿಮ್ಮ ಕೈ ತಾಗಬಾರದು. ಆ ಕೆಲಸ ತಮ್ಮನ ಪಾಲು. ಪಠ್ಯಕ್ರಮದ ಪುಟಪುಟಕ್ಕೂ ಮೊಹರು ಬೇಕು: ಎಷ್ಟು ಗಂಟೆ ನರರೋಗ, ಎಷ್ಟು ಗಂಟೆ ಹೃದಯ–ಶ್ವಾಸಕೋಶ. ತೂಗುವ ಬಟ್ಟು ಕೂಡ ಒಂದಲ್ಲ. ಕೋರ್ಸ್‌ವರ್ಕ್ ಟೂಲ್ ಎಂಬ ಅಳತೆಗೋಲಿನ ಆರು ಆವೃತ್ತಿಗಳಿವೆ. 1998ರಿಂದ 2009ರ ಜೂನ್‌ವರೆಗೆ ಪಾಸಾದವರಿಗೆ ನಾಲ್ಕನೆಯದು, 2017ರಿಂದೀಚಿನವರಿಗೆ ಆರನೆಯದು. ಕೆಲವು ರಾಜ್ಯಗಳು ನೀವು ಪಾಸಾದ ಕಾಲದ ಕೋಲಿನಿಂದ ಅಳೆಯುತ್ತವೆ, ಕೆಲವು ಇವತ್ತಿನದರಿಂದ. ಹಾಗಾಗಿ ಒಂದೇ ಡಿಗ್ರಿ ಒಂದು ರಾಜ್ಯದಲ್ಲಿ ಸರಿಸಮ, ಗಡಿ ದಾಟಿದರೆ ಕೊರತೆ. ನಿಮ್ಮಂತೆ ಹಳೆಯ ಪದವಿಯವರು ಮೊದಲು ನೋಡಬೇಕಾದದ್ದು ಇದನ್ನೇ. ಗಂಡನ ಆಫೀಸು ಎಲ್ಲಿದೆ ಎಂಬುದು ಆಮೇಲಿನ ಮಾತು, ಆದರೆ ಸಂಸಾರಗಳಲ್ಲಿ ಹಾಗೆ ನಡೆಯುವುದಿಲ್ಲವಲ್ಲ. ಸಮಾಜವಿಜ್ಞಾನ, ಮಾನವಿಕ ವಿಷಯಗಳ ಕ್ರೆಡಿಟ್ ಕಡಿಮೆ ಬಿದ್ದವರು ಕ್ಲೆಪ್ ಎಂಬ ಪರೀಕ್ಷೆ ಬರೆದು ತುಂಬಿಸಿಕೊಳ್ಳುತ್ತಾರೆ. ಮಂಡಿ ಮಡಚಲು ಅಮೆರಿಕದ ಇತಿಹಾಸ ಓದಿದವರೂ ಇದ್ದಾರೆ.

ಬಿಟ್ಟುಹೋದ ವರ್ಷಗಳನ್ನು ಒಂದೊಂದು ದೇಶ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, ಮಕ್ಕಳಿಗಾಗಿ ಬಿಟ್ಟ ನಿಮ್ಮ ಸಹಪಾಠಿಗೆ ಐದು ವರ್ಷ ದಾಟಿದ್ದರಿಂದ 60 ದಿನಗಳ ಮರುಕಲಿಕೆ. ಆಸ್ಟ್ರೇಲಿಯಾದಲ್ಲಿರುವವಳು ಮೂರು ವರ್ಷದಲ್ಲಿ 450 ಗಂಟೆ ತೋರಿಸಬೇಕು. ಟೊರಾಂಟೊದವಳಿಗೆ ಅಲ್ಲಿನ ವಿಶ್ವವಿದ್ಯಾಲಯವೇ ವಿದೇಶದಲ್ಲಿ ಓದಿದವರಿಗೆಂದು ಸೇತುವೆ ಕೋರ್ಸ್ ನಡೆಸುತ್ತದೆ, ಅವಳು ಅದೃಷ್ಟವಂತೆ. ಅಮೆರಿಕದಲ್ಲಿ ಇದಕ್ಕೊಂದು ರಾಷ್ಟ್ರೀಯ ಲೆಕ್ಕವಿಲ್ಲ, ರಾಜ್ಯದ ಬೋರ್ಡು ಕೇಳಿದ್ದಕ್ಕೆ ಉತ್ತರಿಸಬೇಕು. ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, 225 ಪ್ರಶ್ನೆ, 200ರಿಂದ 800ರ ಅಳತೆಯಲ್ಲಿ 600 ಬರಬೇಕು, ಜೀವಮಾನದಲ್ಲಿ ಆರೇ ಅವಕಾಶ. ದುಬೈಯ ಪರೀಕ್ಷೆಯನ್ನು ಮುಂಬಯಿಯಲ್ಲೇ ಕೂತು ಬರೆಯಬಹುದು, ಇದಕ್ಕೆ ಅಮೆರಿಕದ ನೆಲದ ಮೇಲೇ ಕೂರಬೇಕು. ಸೆಪ್ಟೆಂಬರಿನ ಟಿಕೆಟ್ ನೋಡಿಟ್ಟಿದ್ದೀರಿ. ಅಕ್ಟೋಬರಿನ ಪರೀಕ್ಷೆ.

ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೊಥೆರಪಿ ಶಾಲೆ ಶುರುವಾದದ್ದು 1953ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಆಗ ವಿದ್ಯೆ ಹೊರಗಿನಿಂದ ಇಲ್ಲಿಗೆ ಬಂತು, ಯಾರ ಡಿಗ್ರಿಯನ್ನು ಯಾರು ತೂಗಿದರೋ.

ಆರೂವರೆಗೆ ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗ ಫೋನ್.

“ಬಾಯಾರ, ಎಕ್ಸ್‌ರೇ ಆತ್ರಿ. ಫಿಲಮ್ ಕೈಯಾಗ ಕೊಟ್ಟಾರ. ಈಗ ಶೇಕಿಗೆ ಬರ್ಲೇನ್ರಿ?”

“ಬೇಡ. ಅದನ್ನೇ ಹಿಡ್ಕೊಂಡು ನಾಳೆ ಬೆಳಿಗ್ಗೆ ಅಲ್ಲೇ ಮೂಳೆ ಡಾಕ್ಟರ ಓಪಿಡಿಗೆ ಹೋಗಿ. ನಾನು ಬರೆದ ಹಾಳೆ ತೋರಿಸಿ. ಸಂಜೆ ಜ್ವರದ ಮಾತು ಮರೀಬೇಡಿ. ಅಲ್ಲಿಯವರೆಗೆ ಮೂಟೆ ಹೊರಬಾರದು.”

“ಹೊರಲಿಲ್ಲಂದ್ರ ಹಾಜರಿ ಹಾಕಂಗಿಲ್ರಿ.”

“ಮುಕಾದಮನ ನಂಬರ್ ಕೊಡಿ.”

ಅವನು ಒಂದೊಂದೇ ಅಂಕೆ ಹೇಳುತ್ತಾನೆ. ಈರುಳ್ಳಿ ಲಾರಿಯೊಂದು ಹಾರನ್ ಹೊಡೆದು ಹೋಗುವವರೆಗೆ ಕಾದು, ಕೊನೆಯ ನಾಲ್ಕನ್ನು ಮತ್ತೆ ಹೇಳಿಸಿಕೊಳ್ಳುತ್ತೀರಿ.

“ನಮ್ಮ ಕಡೆಯವನಾ?”

“ಅಲ್ರಿ, ಸಾತಾರದಾಂವ.”

ನಂಬರ್ ಒತ್ತುತ್ತೀರಿ. ಮೂರನೇ ರಿಂಗಿಗೆ ಎತ್ತುತ್ತಾರೆ. “ನಮಸ್ಕಾರ್ ದಾದಾ, ಮೀ ಫಿಸಿಯೊಥೆರಪಿಸ್ಟ್ ಬೋಲ್ತೇಯ್. ತುಮ್‌ಚ್ಯಾಕಡೇ ಕಾಮ್ ಕರಣಾರ‍್ಯಾ ಏಕಾ ಮಾಣ್‌ಸಾಬದ್ದಲ್ ದೋನ್ ಮಿನಿಟ್ ಬೋಲಾಯ್‌ಚಂ ಹೋತಂ.”